ಮೊದಲು ಇಳಿಯುವ ಊರು

ಸ್ವರ್ಣಲತಾ ಟೀಚರಿಗೂ ಗುಣಪಾಲ ರೈಗೂ ಮೊದಲ ಜಗಳ ಆದದ್ದು ಬಂದರಿನ ಧಕ್ಕೆಯಲ್ಲಿ, ಆರನೆಯ ಕ್ಲಾಸಿನ ಹುಡುಗಿಯರೆಲ್ಲರ ಎದುರಿಗೆ.

ಮೂವತ್ತೇಳನೆಯ ಇಸವಿ. ಮಳೆಗಾಲ ಮುಗಿದು ಸರಕು ಹೊರುವ ಮಂಜಿ ಹಡಗುಗಳು ಮತ್ತೆ ಹಾಯಿ ಬಿಚ್ಚುವ ದಿನಗಳು ಅವು. ನಕ್ಷೆಯ ಮೇಲೆ ಕೋಲಿಟ್ಟು ದೇಶ, ನಗರ ಎಂದು ಹೇಳಿ ಹೇಳಿ ಸ್ವರ್ಣಲತಾಗೆ ಸಾಕಾಗಿತ್ತು. ನಮ್ಮ ಮಂಗಳೂರಿನ ಹಂಚು ಯಾವ ಯಾವ ಸೀಮೆಯ ಮನೆಗಳ ಮಾಡು ಹತ್ತುತ್ತದೆ ಎಂದು ಮಕ್ಕಳು ಕಣ್ಣಾರೆ ನೋಡಲಿ ಎಂದು ಅವರನ್ನು ಸಾಲಾಗಿ ನಡೆಸಿಕೊಂಡು ಬಂದಿದ್ದಳು. ಅಲ್ಲಿ ಒಂದು ಮಂಜಿಯ ಹೊಟ್ಟೆಗೆ ಹಂಚು ತುಂಬಿಸುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಏಜೆಂಟರ ಕಚೇರಿಯ ಯುವಕನೊಬ್ಬ ನಿಂತುಕೊಂಡು ಕೂಗಿ ಹೇಳುತ್ತಿದ್ದ: ಬಸ್ರಾ, ಕರಾಚಿ, ಬೊಂಬಾಯಿ.

ಸ್ವರ್ಣಲತಾ ಹುಟ್ಟಾ ಟೀಚರು. ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರಲು ಅವಳಿಂದ ಆಗದು. ಇಲ್ಲಿಂದ ಹೊರಟರೆ ಮೊದಲು ಸಿಗುವುದು ಬೊಂಬಾಯಿ, ಆಮೇಲೆ ಕರಾಚಿ, ಕೊನೆಗೆ ಬಸ್ರಾ, ಮಕ್ಕಳಿಗೆ ತಪ್ಪು ಹೇಳಿಕೊಡಬೇಡಿ ಎಂದಳು. ಆ ಯುವಕ ತಿರುಗಿ ನೋಡಿದ. ಮೊದಲು ಅವಳ ಕೈಯ ಕೊಡೆಯನ್ನು, ಆಮೇಲೆ ಬೆರಳಿಗೆ ಅಂಟಿದ್ದ ಸೀಮೆಸುಣ್ಣದ ಹುಡಿಯನ್ನು, ಕೊನೆಗೆ ಮುಖವನ್ನು ನೋಡಿದ. ಮುಖಕ್ಕೆ ಬಂದ ಮೇಲೆ ಅಲ್ಲಿಂದ ಕಣ್ಣು ಕೀಳುವುದನ್ನು ಮರೆತ.

"ಟೀಚರೇ, ಮಂಜಿಯ ಲೆಕ್ಕ ಹೀಗೇ," ಎಂದ. "ಕೊನೆಗೆ ಇಳಿಯುವುದು ಮೊದಲು ಹತ್ತಬೇಕು. ಮೊದಲು ಇಳಿಯುವ ಊರಿನದ್ದು ಕೊನೆಗೆ, ಎಲ್ಲದರ ಮೇಲೆ. ಇಲ್ಲದಿದ್ದರೆ ಬೊಂಬಾಯಿಯಲ್ಲಿ ಇಡೀ ಮಂಜಿ ಬಗೆದು ಹಾಕಬೇಕಾಗ್ತದೆ."

"ನನ್ನ ಕ್ಲಾಸಿನಲ್ಲಿ ಹೀಗೆ ಬರೆದರೆ ಸೊನ್ನೆ ಹಾಕ್ತೇನೆ."

"ಹಾಕಿ. ನಿಮ್ಮ ಕೈಯಿಂದ ಸೊನ್ನೆಯಾದರೂ ಆದೀತು."

ಹುಡುಗಿಯರು ಕಿಸಕ್ಕನೆ ನಕ್ಕರು. ಸ್ವರ್ಣಲತಾ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ಅವರನ್ನು ಹಿಂದಕ್ಕೆ ಹೊರಡಿಸಿದಳು. ಬಿಸಿಲಿಗೆ ಎಂದು ಅವಳೇನೋ ಹೇಳಿದಳು, ಆದರೆ ಬಿಸಿಲು ಬೆನ್ನ ಹಿಂದೆ ಇತ್ತು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಗುಣಪಾಲ ಅಷ್ಟು ದಿನ ಕಾಯಬೇಕಾಗಿಯೂ ಬರಲಿಲ್ಲ. ಹಂಪನಕಟ್ಟೆಯಲ್ಲಿ ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ ವಾಚನಾಲಯವಿತ್ತು. ಬಳ್ಳಾರಿಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಶಾಲಾ ಇನ್ಸ್‌ಪೆಕ್ಟರು ವೀರಭದ್ರಪ್ಪನವರು ಅಲ್ಲಿ ಶನಿವಾರ ಸಂಜೆಗೆ ಒಂದು ವಿನೋದ ಹೂಡಿದ್ದರು. ವಾರಕ್ಕೊಂದು ದೇಶ. ಆ ದೇಶದ ಅತಿ ಮುಖ್ಯ ನಗರ ಯಾವುದು ಎಂದು ಸದಸ್ಯರು ಒಬ್ಬೊಬ್ಬರೇ ಎದ್ದು ಹೇಳಬೇಕು, ಯಾಕೆ ಎಂದೂ ಹೇಳಬೇಕು. ಹೆಚ್ಚು ಜನ ಹೇಳಿದ್ದಕ್ಕೆ ಪಟ್ಟ.

ಸ್ವರ್ಣಲತಾ ತನ್ನ ಜೊತೆಯ ಹೊಲಿಗೆ ಟೀಚರು ರೊಸಾಲಿನ್ ಜೊತೆ ಕಿಟಕಿಯ ಪಕ್ಕದ ಹೆಂಗಸರ ಬೆಂಚಿನಲ್ಲಿ ಕೂರುತ್ತಿದ್ದಳು. ಮುಂದಿನ ಸಾಲಿನಲ್ಲಿ ಅವಳ ಸೋದರಮಾವ ದೂಮಣ್ಣ ಆಳ್ವರು. ವಾದ ಎಂದರೆ ಅವರಿಗೆ ಊಟ ಬೇಡ. ಎದುರು ಗೋಡೆಗೆ ಒರಗಿ ಗುಣಪಾಲ. ನಡುವೆ ಮೇಜಿನ ಮೇಲೆ ಒಂದು ಭೂಗೋಳ.

ಇಂಗ್ಲೆಂಡಿನ ವಾರ ಸಪ್ಪೆಯಾಗಿ ಹೋಯಿತು, ಲಂಡನ್ ಬಿಟ್ಟು ಬೇರೆ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ತುರ್ಕಿಯ ವಾರ ಮಜಾ ಬಂತು. ರಾಜಧಾನಿಯಾದ್ದರಿಂದ ಅಂಗೋರಾವೇ ಮುಖ್ಯ ಎಂದು ಸ್ವರ್ಣಲತಾ ಹೇಳಿದರೆ, ಇಸ್ತಾಂಬುಲ್ ಇರುವಾಗ ಅಂಗೋರಾವನ್ನು ಕೇಳುವವರು ಯಾರು ಎಂದು ಗುಣಪಾಲ ಎದ್ದ. ರಾಜಧಾನಿ ಬೇರೆ, ಮುಖ್ಯ ನಗರ ಬೇರೆ ಎಂಬುದು ಅವನ ವಾದ.

"ನಮ್ಮ ಮನೆಗಳನ್ನೇ ನೋಡಿ. ಯಜಮಾನ ಅಂತ ಚಾವಡಿಯಲ್ಲಿ ಕೂರುವವರು ಮಾವ. ಮನೆ ನಡೆಸುವವರು ಅಮ್ಮ. ಅಂಗೋರಾ ಚಾವಡಿಯಲ್ಲಿ ಕೂತಿದೆ, ಅಷ್ಟೆ."

ಎಲ್ಲರೂ ದೂಮಣ್ಣ ಆಳ್ವರ ಕಡೆ ನೋಡಿದರು. ಅವರು ಮೀಸೆ ತೀಡಿಕೊಂಡು, ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಅಂಗೋರಾದ ಎದುರಿಗೆ ಹೇಳಬಾರದಿತ್ತು ಎಂದರು. ಸಭೆ ನಕ್ಕಿತು. ಸ್ವರ್ಣಲತಾ ನಗಬಾರದೆಂದು ತುಟಿ ಕಚ್ಚಿದಳು. ಆಗಲೇ ಗುಣಪಾಲ ಮೇಜಿನ ಬಳಿ ಬಗ್ಗಿ, ಭೂಗೋಳವನ್ನು ಒಂದು ಬೆರಳಿನಿಂದ ತಿರುಗಿಸುತ್ತ, ಉತ್ತರ ಧ್ರುವದ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ನೋಡಿದೊಡನೆ ಭಾರೀ ಶ್ರದ್ಧೆಯಿಂದ ಆಫ್ರಿಕಾವನ್ನು ಹುಡುಕತೊಡಗಿದ.

ಅದೇ ಅಭ್ಯಾಸವಾಯಿತು. ಜಪಾನಿನ ವಾರ, ಅಮೆರಿಕೆಯ ವಾರ, ಚೀನಾದ ವಾರ, ವಿಷಯ ಯಾವುದಾದರೂ ಅವಳು ಪೂರ್ವ ಎಂದರೆ ಅವನು ಪಶ್ಚಿಮ. ಜಗಳವಾಡಿ ಇಳಿಯುವಾಗ ಮರದ ಮೆಟ್ಟಿಲಿನಲ್ಲಿ ಒಂದೆರಡು ಮಾತು. ರೊಸಾಲಿನ್ ಸುಮ್ಮನೆ ನಾಲ್ಕು ಮೆಟ್ಟಿಲು ಹಿಂದೆ ಉಳಿದು ತನ್ನ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದಳು. ಆ ಪಟ್ಟಿ ಎಂದೂ ಕಿತ್ತದ್ದಿಲ್ಲ. ಶನಿವಾರ ಮುಗಿದರೆ ಸ್ವರ್ಣಲತಾಗೆ ಭಾನುವಾರವೇ ಬೇಸರ ಶುರುವಾಗುತ್ತಿತ್ತು. ಪ್ರೀತಿ ಎಂದು ಅದಕ್ಕೆ ಹೆಸರಿಡಲು ಅವಳು ನಾಚಿದಳು, ಆದರೆ ಅದು ಪ್ರೀತಿಯೇ ಆಗಿತ್ತು.

ಬಜಪೆಯ ಕಡೆ ಗುಣಪಾಲನ ಮನೆ. ಅಲ್ಲಿಂದ ಅವನ ತಾಯಿ ಒಂದು ದಿನ ಹಿರಿಯರನ್ನು ಫಳ್ನೀರಿನ ಮನೆಗೆ ಕಳಿಸಿ ದೂಮಣ್ಣ ಆಳ್ವರಲ್ಲಿ ಹೆಣ್ಣು ಕೇಳಿಸಿದರು. ಆಳ್ವರಿಗೆ ಸಂತೋಷವೇ. ಮನೆತನ ಸಮ, ಬಳಿ ಎಂದರೆ ಕುಲ ಬೇರೆ ಬೇರೆ, ಹುಡುಗ ಮಾತಿಗೆ ಮಾತು ಕೊಡುವವ. ಆದರೆ ಒಂದು ಕೊಕ್ಕೆ ಇತ್ತು. ಹಂಚಿನ ಏಜೆಂಟರು ಗುಣಪಾಲನನ್ನು ಬೊಂಬಾಯಿ ಕಚೇರಿಗೆ ಮುಖ್ಯಸ್ಥನಾಗಿ ಕಳಿಸುವ ಏರ್ಪಾಡಿನಲ್ಲಿದ್ದರು. ಹೋದರೆ ಅಲ್ಲೇ ನೆಲೆ.

ಆಳ್ವರು ಮುಚ್ಚುಮರೆ ಇಲ್ಲದೆ ಹೇಳಿ ಕಳಿಸಿದರು. ನಮ್ಮದು ಅಳಿಯಸಂತಾನ, ನಮ್ಮಲ್ಲಿ ಮನೆ ಬೆಳೆಯುವುದು ಹೆಣ್ಣುಮಕ್ಕಳಿಂದ. ಈ ಮನೆಗೆ ಇರುವುದು ಇವಳೊಬ್ಬಳೇ ಹೆಣ್ಣು. ಇವಳನ್ನು ಬೊಂಬಾಯಿಗೆ ಕಳಿಸಿ ನಾವು ಇಲ್ಲಿ ಯಾರ ಮಕ್ಕಳನ್ನು ಆಡಿಸುವುದು? ಹುಡುಗ ಇಲ್ಲಿ ಇರುವುದಾದರೆ ನಾಳೆಯೇ ವೀಳ್ಯ ಬದಲಿಸೋಣ, ಬೊಂಬಾಯಿ ಎನ್ನುವುದಾದರೆ ಈ ಮಾತು ಇಲ್ಲಿಗೆ ನಿಲ್ಲಲಿ.

ಆ ವಾರ ಮೆಟ್ಟಿಲಿನ ಮೇಲೆ ಗುಣಪಾಲನ ಮುಖದಲ್ಲಿ ಎಂದಿನ ತುಂಟತನ ಇರಲಿಲ್ಲ. ನೀವು ಎಂತ ಹೇಳ್ತೀರಿ ಎಂದು ಕೇಳಿದ.

ಹೋಗಬೇಡಿ ಎಂದುಬಿಟ್ಟರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆ ಮಾತು ಅವಳ ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಒಂದು ದಿನ ಮುದುಕನಾಗಿ ಧಕ್ಕೆಯಲ್ಲಿ ನಿಂತು, ಇವಳಿಂದಾಗಿ ಬೊಂಬಾಯಿ ತಪ್ಪಿತು ಎಂದು ಇವರು ಮನಸ್ಸಿನಲ್ಲೇ ಅಂದುಕೊಂಡರೆ? ಆ ಯೋಚನೆ ಅವಳಿಗೆ ಸಹಿಸಲಾಗಲಿಲ್ಲ.

"ಕೆಲಸ ನಿಮ್ಮದು. ನಾನು ಹೋಗಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ," ಎಂದಳು.

ಅವನು ಮೆಟ್ಟಿಲಿನ ಕೈಹಿಡಿಯ ಮೇಲೆ ಬೆರಳಾಡಿಸಿದ. "ಬರುವ ಶನಿವಾರ ನಮ್ಮ ದೇಶದ ವಾರ. ಈ ಸಲ ಮೂರು ನಗರ ಹೇಳಬೇಕಂತೆ. ಅದರಲ್ಲಿ ಮೊದಲನೆಯದು ಅಂತ ನಾನು ಯಾವ ಊರು ಹೇಳ್ತೇನೋ, ಅದೇ ನನ್ನ ಉತ್ತರ. ನಿಮ್ಮ ಮಾವನೂ ಅಲ್ಲೇ ಇರ್ತಾರೆ. ಎಲ್ಲರ ಎದುರಿಗೆ ಹೇಳ್ತೇನೆ."

ಆ ವಾರ ಸ್ವರ್ಣಲತಾ ಮಾಡಿದ ಪಾಠವನ್ನು ದೇವರೇ ಮೆಚ್ಚಬೇಕು. ಗಂಗಾನದಿಯನ್ನು ಅರಬ್ಬೀ ಸಮುದ್ರಕ್ಕೆ ಸೇರಿಸಿದಳೆಂದು ಹುಡುಗಿಯರು ಮನೆಯಲ್ಲಿ ಹೇಳಿಕೊಂಡರು.

ಶನಿವಾರ ವಾಚನಾಲಯ ತುಂಬಿ ಮೆಟ್ಟಿಲಿನವರೆಗೂ ಜನ. ವೀರಭದ್ರಪ್ಪನವರು ಕರಿಹಲಗೆ ಇಟ್ಟುಕೊಂಡು, ಒಬ್ಬೊಬ್ಬರು ಹೇಳಿದ್ದನ್ನೂ ಒಂದು, ಎರಡು, ಮೂರು ಎಂದು ಬರೆಯುತ್ತ ಕೂತಿದ್ದರು. ಕಲ್ಕತ್ತಾ ಬಂತು, ದಿಲ್ಲಿ ಬಂತು, ಮದ್ರಾಸು ಬಂತು. ರಂಗೂನು ಎಂದು ಒಬ್ಬರು ಹೇಳಿದ್ದಕ್ಕೆ, ಏಪ್ರಿಲಿನಿಂದ ಅದು ಬೇರೆ ದೇಶ, ಹೊಡೆದುಹಾಕಿ ಎಂದು ನಾಲ್ಕು ಜನ ಎದ್ದರು. ಕೊಬ್ಬರಿ ವ್ಯಾಪಾರದ ಉಸ್ಮಾನ್ ಬ್ಯಾರಿಗಳು ಎದ್ದು ನಿಂತು, ಮೊದಲನೆಯದು ಮೈಕಾಲ ಎಂದರು. ವೀರಭದ್ರಪ್ಪನವರು ಬರೆದುಕೊಂಡರು. ರೊಸಾಲಿನ್ ತನ್ನ ಸರದಿಗೆ, ಕೊಡಿಯಾಲ್ ಎಂದಳು. ಅದನ್ನೂ ಬರೆದರು. ಬರೆದು, ಸೀಮೆಸುಣ್ಣ ಹಿಡಿದೇ ಯೋಚನೆಗೆ ಬಿದ್ದರು.

"ಇವೆಲ್ಲಾ ಎಲ್ಲದಾವ್ರಿ? ನಾ ಮ್ಯಾಪಿನಾಗ ನೋಡೇ ಇಲ್ಲ," ಎಂದರು ಬಹಳ ವಿನಯದಿಂದ.

ಸಭೆಯಲ್ಲಿ ನಗು ಎದ್ದಿತು, ಯಾರೂ ಬಿಡಿಸಿ ಹೇಳಲಿಲ್ಲ. ಬೇರೆ ದಿನವಾಗಿದ್ದರೆ ಸ್ವರ್ಣಲತಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಮಂಗಳೂರಿಗೆ ಬ್ಯಾರಿಗಳು ಮೈಕಾಲ ಎನ್ನುತ್ತಾರೆ, ಕೊಂಕಣಿಯವರು ಕೊಡಿಯಾಲ್ ಎನ್ನುತ್ತಾರೆ, ತುಳುವರಿಗೆ ಅದು ಕುಡ್ಲ. ಪಾಪ, ಬಳ್ಳಾರಿಯ ಸಜ್ಜನರಿಗೆ ಅದು ಹೇಗೆ ಗೊತ್ತಿರಬೇಕು. ಆದರೆ ಅವಳ ಕಣ್ಣು, ಕಿವಿ ಎರಡೂ ಎದುರಿನ ಗೋಡೆಯ ಮೇಲೆ ಇದ್ದವು. ಗುಣಪಾಲ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಕಿವಿಯ ಮೇಲಿನ ಪೆನ್ಸಿಲನ್ನು ತೆಗೆಯಲು ಮರೆತಿದ್ದ.

ಅವನ ಸರದಿ ಬಂತು. ಅವಳನ್ನು ನೋಡಿದ, ಒಂದು ಚೂರು ನಕ್ಕ, ಗಂಟಲು ಸರಿಮಾಡಿಕೊಂಡ.

"ಬೊಂಬಾಯಿ," ಎಂದ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಇರುವುದು ಸುಮ್ಮನೆ ಅಲ್ಲ. ಆಮೇಲೆ ಅವನು ಹೇಳಿದ್ದು ಏನೂ ಸ್ವರ್ಣಲತಾಗೆ ಕೇಳಲಿಲ್ಲ. ಅಳು ಬಂದೇ ಬರುತ್ತದೆ, ಮಾವನ ಎದುರಿಗೆ, ಅರ್ಧ ಊರಿನ ಎದುರಿಗೆ ಬರುವುದು ಬೇಡ ಎಂದುಕೊಂಡಳು. ರೊಸಾಲಿನ್ ಸೆರಗು ಹಿಡಿದು ಎಳೆದರೂ ಬಿಡಿಸಿಕೊಂಡು ಜನರ ನಡುವಿನಿಂದ ಮೆಟ್ಟಿಲಿಳಿದು ಹೊರಟಳು.

ಬಿಸಿಲು ಆಗಲೇ ಹಳದಿಯಾಗಿತ್ತು. ಫಳ್ನೀರಿನ ದಾರಿಯಲ್ಲಿ ಜಟಕಾಗಳು ಎದುರಾದವು, ಪರಿಚಯದವರು ಒಬ್ಬಿಬ್ಬರು ಮಾತಾಡಿಸಿದರು, ಅವಳು ತಲೆ ಅಲ್ಲಾಡಿಸಿ ಮುಂದೆ ಹೋದಳು. ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು. ಉತ್ತರ ಧ್ರುವದ ಮೇಲಿಂದ ಇಣುಕಿ ನೋಡಿದವನು ಕೊನೆಗೆ ಬೊಂಬಾಯಿ ಎನ್ನುವುದಾದರೆ ಇಣುಕಿದ್ದು ಯಾಕೆ? ಆಮೇಲೆ ಸಿಟ್ಟೂ ಇಳಿದು, ನಡೆದಷ್ಟು ದೂರಕ್ಕೂ ಒಂದೇ ಮಾತು ಅವಳ ಜೊತೆಗೆ ಬಂತು. ಅವರಿಲ್ಲದ ಮುಂದಿನ ಶನಿವಾರಗಳನ್ನು ಏನು ಮಾಡುವುದು?

ದೊಡ್ಡ ಹಲಸಿನ ಮರದ ಹತ್ತಿರ ಬರುವಾಗ ಅವಳು ನಿಂತಳು. ಮನೆ ಬೆಳೆಯುವುದು ಹೆಣ್ಣಿನಿಂದ ಎಂದು ಮಾವನೇ ಹೇಳುತ್ತಾರಲ್ಲ. ಹಾಗಾದರೆ ಮನೆ ನಾನು ಹೋದಲ್ಲಿಗೆ ಬರಬೇಕು. ನನ್ನ ಬಳಿಯನ್ನು ನಾನೇನು ಫಳ್ನೀರಿನ ಗೂಟಕ್ಕೆ ಕಟ್ಟಿ ಹೋಗುತ್ತೇನೆಯೇ? ನನ್ನ ಮಕ್ಕಳು ಬೊಂಬಾಯಿಯಲ್ಲಿ ಹುಟ್ಟಿದರೂ ಈ ಮನೆಯವರೇ. ಇದನ್ನು ಮಾವನಿಗೆ ಹೇಳಬೇಕು, ಹೆದರದೆ ಹೇಳಬೇಕು. ಇಷ್ಟು ದಿನ ಯಾರೂ ತನ್ನನ್ನು ಕೇಳಲಿಲ್ಲ ಎಂದು ಅವಳು ಕೊರಗಿದ್ದಳು. ಗುಣಪಾಲ ಕೇಳಿದಾಗ ತಾನೇ ಬಾಯಿ ಬಿಡಲಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು.

ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಗುಣಪಾಲ ಓಡಿಕೊಂಡೇ ಬಂದಿದ್ದ. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು, ಪೆನ್ಸಿಲು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಅವನಿಗೆ ಉಸಿರು ತಿರುಗುವ ಮೊದಲೇ ಅವಳು ಹೇಳಿಬಿಟ್ಟಳು. ತಡ ಮಾಡಿದರೆ ಧೈರ್ಯ ಹೋದೀತು ಎಂದು ಅವಳಿಗೆ ಹೆದರಿಕೆ.

"ನಾನು ಬೊಂಬಾಯಿಗೆ ಬರ್ತೇನೆ. ಮಾವನ ಹತ್ತಿರ ನಾನೇ ಮಾತಾಡ್ತೇನೆ."

ಗುಣಪಾಲ ಮರಕ್ಕೆ ಕೈಕೊಟ್ಟು ನಿಂತ. "ಬೊಂಬಾಯಿಗೆ ಎಂತಕ್ಕೆ?"

"ಎಂತಕ್ಕೆ ಅಂದರೆ? ನೀವು ಹೋಗ್ತೀರಲ್ಲ."

"ನಾನು ಎಲ್ಲಿ ಹೋಗ್ತೇನೆ ಮಾರಾಯ್ರೆ. ಬೆಳಿಗ್ಗೆಯೇ ಕಚೇರಿಯಲ್ಲಿ ಆಗುವುದಿಲ್ಲ ಅಂತ ಹೇಳಿ ಬಂದೆ."

"ಮತ್ತೆ ಅಲ್ಲಿ ಬೊಂಬಾಯಿ ಅಂದದ್ದು?"

ಅವನು ಅವಳ ಮುಖವನ್ನು ನೋಡಿದ, ಒದ್ದೆಯಾದ ರೆಪ್ಪೆಗಳನ್ನು ನೋಡಿದ, ಆಗ ಅವನಿಗೆ ಎಲ್ಲ ಹೊಳೆಯಿತು. ಓಡಿ ಬಂದ ಆಯಾಸದ ನಡುವೆಯೂ ಅವನಿಗೆ ನಗು ಬಂತು. ನಗಬಾರದೆಂದು ಗೊತ್ತಿದ್ದರಿಂದ ಇನ್ನೂ ಹೆಚ್ಚು ಬಂತು.

"ಮೂರು ಹೆಸರು ಹೇಳಿದೆ ಟೀಚರೇ. ಬೊಂಬಾಯಿ, ಕಲ್ಕತ್ತಾ, ಕುಡ್ಲ. ಮಂಜಿಯ ಲೆಕ್ಕ. ಮೊದಲು ಇಳಿಯುವ ಊರು ಯಾವುದು?"

ಸ್ವರ್ಣಲತಾಗೆ ಧಕ್ಕೆಯ ಮೊದಲ ದಿನ, ಕೊಡೆ, ಸೊನ್ನೆ, ಎಲ್ಲ ನೆನಪಾಯಿತು. ಇಡೀ ಸಭೆಯಲ್ಲಿ ಆ ಲೆಕ್ಕ ತಿಳಿದ ಹೆಂಗಸು ತಾನೊಬ್ಬಳೇ, ಅದು ತನಗಾಗಿಯೇ ಹೇಳಿದ ಮಾತು, ತಾನೊಬ್ಬಳೇ ಅದನ್ನು ಕೇಳದೆ ಎದ್ದು ಬಂದದ್ದು. ಅವಳ ಮುಖ ಕೆಂಪಾಯಿತು. ಅಷ್ಟು ಮುಖ್ಯವಾದ ಮಾತನ್ನು ಯಾರಾದರೂ ತಲೆಕೆಳಗಾಗಿ ಹೇಳುತ್ತಾರೆಯೇ ಎಂದು ಅವನ ಮೇಲೇ ರೇಗಿದಳು. ಅವನು ತಲೆ ತಗ್ಗಿಸಿ ಬೈಗುಳ ಕೇಳಿದ. ಆ ಬೈಗುಳ ಅವನಿಗೆ ಬಹಳ ಹಿತವಾಗಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಅವಳು ಹೊರಟುಬಂದ ಮೇಲೆ ಆದದ್ದನ್ನು ಅವನು ಹೇಳಿದ. ಕುಡ್ಲ ಎಂದೊಡನೆ ವೀರಭದ್ರಪ್ಪನವರು ಅದನ್ನು ಮೂರನೆಯದೆಂದು ಬರೆದು, ಇದೂ ಮ್ಯಾಪಿನಾಗ ಇಲ್ಲರೀ ಎಂದು ಕೈಚೆಲ್ಲಿದರಂತೆ. ಮೊದಲನೆಯದು ಅದೇ, ಉಲ್ಟಾ ಓದಿಕೊಳ್ಳಿ ಎಂದು ತಾನು ಹೇಳಿದಾಗಂತೂ ಅವರಿಗೆ ತಲೆಯೇ ಕೆಟ್ಟಿತು. ಲೆಕ್ಕ ಹಾಕಿ ನೋಡಿದರೆ ಬೊಂಬಾಯಿಗೆ ಪಟ್ಟ. ಆಗ ದೂಮಣ್ಣ ಆಳ್ವರು ಕೊಡೆ ಊರಿಕೊಂಡು ಎದ್ದರು. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಊರಿಗೆ ಹೀಗೆ ಮಾಡಬೇಡಿ, ಕುಡ್ಲ, ಕೊಡಿಯಾಲ್, ಮೈಕಾಲ, ಮಂಗಳೂರು ಎಲ್ಲ ಒಂದೇ, ನೀವು ಕೂತ ಕುರ್ಚಿಯ ಕಾಲು ನಾಲ್ಕೂ ಅದರ ಮೇಲೆಯೇ ಉಂಟು ಎಂದರು. ನಾಲ್ಕನ್ನೂ ಕೂಡಿಸಿದಾಗ ಬೊಂಬಾಯಿ ಕೆಳಗಿಳಿಯಿತು.

"ಕೊನೆಗೆ ಇನ್ನೊಂದು ಮಾತು ಹೇಳಿದರು," ಎಂದ ಗುಣಪಾಲ. ಅವನ ಸ್ವರ ಸಣ್ಣದಾಯಿತು. "ನಮ್ಮ ಮನೆಗೆ ಬರುವ ಹುಡುಗ ಹೇಳಿದ್ದು ಸರಿ ಉಂಟು, ಅಂತ. ಎಲ್ಲರ ಎದುರಿಗೆ."

ಸಂತೋಷ ಒಮ್ಮೆಗೇ ಇಷ್ಟು ಬಂದರೆ ಅದನ್ನು ಎಲ್ಲಿ ಇಡಬೇಕೆಂದು ಸ್ವರ್ಣಲತಾಗೆ ತಿಳಿಯಲಿಲ್ಲ. ಆಮೇಲೆ, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿದಳು. ಮುಂದೆ ಒಂದು ದಿನ ಬೊಂಬಾಯಿ ತಪ್ಪಿತು ಅಂತ ಅನ್ನಿಸಿದರೆ?

ಅವನು ತಮಾಷೆ ಬಿಟ್ಟು ಉತ್ತರ ಕೊಟ್ಟ. "ಹಿಂದೆ ಒಮ್ಮೆ ಕೆಲಸದ ಮೇಲೆ ಅಲ್ಲಿ ಒಂದು ತಿಂಗಳು ಇದ್ದೆ. ಸಿಕ್ಕಿದವರೆಲ್ಲ ನಿಮ್ಮ ಊರು ಯಾವುದು ಅಂತ ಕೇಳ್ತಿದ್ದರು. ಒಳ್ಳೆಯ ಜನ, ಪ್ರೀತಿಯಿಂದಲೇ ಕೇಳ್ತಿದ್ದರು. ಆದರೆ ಆ ಪ್ರಶ್ನೆ ಕೇಳದ ಜಾಗ ಒಂದೇ ಉಂಟು ನನಗೆ. ಅಲ್ಲಿಯೇ ನೀವೂ ಇದ್ದೀರಿ. ಇನ್ನು ಮಂಜಿ ಹತ್ತಿ ನಾನು ಎಲ್ಲಿಗೆ ಹೋಗಲಿ?"

ಅಷ್ಟರಲ್ಲಿ ಜಟಕಾ ಒಂದು ಬಂದು ಸ್ವಲ್ಪ ದೂರದಲ್ಲಿ ನಿಂತಿತು. ಒಳಗೆ ದೂಮಣ್ಣ ಆಳ್ವರು, ರೊಸಾಲಿನ್. ಆಳ್ವರು ಕೆಳಗಿಳಿದು ಈ ಕಡೆ ನೋಡಿದರು. ಆಮೇಲೆ ಬೆನ್ನು ತಿರುಗಿಸಿ, ಕುದುರೆಯ ಕಾಲಿಗೆ ಎಂತದೋ ಆಗಿದೆ, ಸರಿಯಾಗಿ ನೋಡು ಎಂದು ಗಾಡಿಯವನಿಗೆ ಜೋರಾಗಿ ಹೇಳಿದರು. ರೊಸಾಲಿನ್ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದಳು. ಕುದುರೆ ನಾಲ್ಕು ಕಾಲಿನ ಮೇಲೂ ಆರಾಮವಾಗಿ ನಿಂತು ಹುಲ್ಲಿಗೆ ಬಾಯಿ ಹಾಕಿತು.

"ನಿಮ್ಮ ಮೂರು ಹೇಳಲೇ ಇಲ್ಲ ಟೀಚರೇ. ಸರದಿ ತಪ್ಪಿಸಿಕೊಂಡು ಬಂದಿರಿ," ಎಂದ ಗುಣಪಾಲ.

"ಮಂಜಿಯ ಲೆಕ್ಕದಲ್ಲಿ ಹೇಳ್ತೇನೆ. ಪೂರ್ತಿ ಕೇಳಬೇಕು, ನನ್ನ ಹಾಗೆ ನಡುವೆ ಎದ್ದು ಹೋಗಬಾರದು."

ಅವನು ಕೈಕಟ್ಟಿ ನಿಂತ, ಕ್ಲಾಸಿನಲ್ಲಿ ನಿಂತ ಹಾಗೆ.

"ಬೊಂಬಾಯಿ," ಎಂದಳು. ಅವನ ಹುಬ್ಬು ಏರಿತು. "ಕುಡ್ಲ," ಎಂದಳು. ಹುಬ್ಬು ಇನ್ನೂ ಏರಿತು. ಕುಡ್ಲಕ್ಕಿಂತ ಮೇಲಿನ ಊರು ಯಾವುದಪ್ಪ ಎಂದು ಅವನು ಯೋಚಿಸುತ್ತಿರುವುದು ಅವಳಿಗೆ ಸ್ಪಷ್ಟ ಕಂಡಿತು. ಅವಳು ಅವನ ಕಣ್ಣನ್ನೇ ನೋಡಿದಳು, ಈ ಸಲ ನಡುವೆ ಭೂಗೋಳ ಇರಲಿಲ್ಲ.

"ಗುಣಪಾಲ."

ರೈಗಳೇ ಇಲ್ಲ, ನೀವು ಇಲ್ಲ, ಬರೀ ಹೆಸರು. "ಕೇಳಿದ್ದು ಊರಿನ ಹೆಸರಲ್ವಾ," ಎಂದ ಕಷ್ಟಪಟ್ಟು.

"ಅದನ್ನೇ ಹೇಳಿದ್ದು. ಧಾರೆ ಆದ ಮೇಲೆ ಈ ಹೆಸರು ಬಾಯಿಯಲ್ಲಿ ತೆಗೆಯುವ ಹಾಗಿಲ್ಲ, ಅಮ್ಮ ಬೈತಾರೆ. ಅದಕ್ಕೆ ಈಗಲೇ ಹೇಳ್ತಾ ಇದ್ದೇನೆ."

ಹೇಳಿ, ಜಟಕಾದ ಕಡೆಗೆ ನಾಲ್ಕು ಹೆಜ್ಜೆ ಹೋದವಳು ಹಿಂದಕ್ಕೆ ತಿರುಗಿ ಇನ್ನೊಮ್ಮೆ ಹೇಳಿದಳು, ಮೆಲ್ಲಗೆ, ಅವನಿಗೆ ಮಾತ್ರ ಕೇಳುವಷ್ಟು. ಆಳ್ವರು ಇನ್ನೂ ಕುದುರೆಯ ಕಾಲನ್ನೇ ನೋಡುತ್ತಿದ್ದರು.